ನಾವಿಬ್ಬರಿಗೆ ಇಲ್ಲದ ಪ್ರತ್ಯಯ

ಬಾದಾಮಿ
ಶಾಲಿವಾಹನ ಶಕೆ ೨೨೧೧, ಎರಡನೆಯ ಅಧಿಕ ಆಷಾಢ, ಶುದ್ಧ ಚೌತಿ

ಹಿಂದಿನವರೇ,

ಇಂಥ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲವೆಂದು ಬಲ್ಲೆ. ಮಳೆ ತನ್ನ ಕಾಲ ಬಿಟ್ಟಮೇಲೆ ನಾವು ತಿಂಗಳುಗಳನ್ನೇ ಅದರ ಹಿಂದೆ ಓಡಿಸುತ್ತಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಿಯಾವು, ಮನ್ನಿಸಿ. ನಾನು ತೋಂಟೇಶ, ಹಳೆಯ ಗ್ರೀಕ್ ಕಲಿಸುವವನು. ನಗಬೇಡಿ. ಬದುಕಿರುವ ಭಾಷೆಗಳನ್ನೆಲ್ಲ ಯಂತ್ರಗಳೇ ಅನುವಾದಿಸಿಕೊಡುತ್ತವೆ, ಕಲಿಯುವವರಿಲ್ಲ. ಸತ್ತ ಭಾಷೆಗಳನ್ನು ಮಾತ್ರ ಯಂತ್ರಕ್ಕೆ ಕಲಿಸಬಾರದೆಂದು ಕಟ್ಟಳೆ. ತಪ್ಪು ಮಾಡಿ ಬೈಸಿಕೊಳ್ಳುವ ಸುಖ ಬೇಕಾದವರು ನಮ್ಮಲ್ಲಿಗೆ ಬರುತ್ತಾರೆ.

ನನ್ನ ಹೆಂಡತಿ ಶಾಕಾಂಬರಿಯೂ ಅದನ್ನೇ ಕಲಿಸುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಈ ಎರಡು ವಾಕ್ಯಗಳನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಬರೆಯಬಹುದಷ್ಟೆ. ನಮ್ಮ ಮನೆಗಳಲ್ಲಿ ಉಳಿದನಿ ಎಂಬುದಿದೆ. ಸತ್ತವರು ಜೀವಮಾನವಿಡೀ ಆಡಿದ ಮಾತುಗಳನ್ನು ಉಂಡು, ಅವರದೇ ದನಿಯಲ್ಲಿ ಹೊಸ ಮಾತಾಡುವ ಸಾಧನ. ಅದು ಇರುವವರೆಗೆ ಸತ್ತವರ ಬಗ್ಗೆ ಭೂತಕಾಲ ಬಳಸಬಾರದು. ಪಕ್ಕದ ಮನೆಯವರು ಕಟ್ಟೆಯ ಮೇಲಿಂದ "ಅಕ್ಕಾರು ಹೆಂಗದಾರ್ರೀ?" ಎನ್ನುತ್ತಾರೆ. "ಆರಾಮ ಅದಾರ" ಎನ್ನಬೇಕು. ಜನರ ಮುಂದೆ ಒಮ್ಮೆ "ಇದ್ದಳು" ಎಂದರೆ ಸಾಕು, ದನಿ ನಿಲ್ಲುತ್ತದೆ, ಮತ್ತೆ ಬಾರದು. ಅದಕ್ಕೆ ಮುಚ್ಚುಮಾತು ಎಂದು ಹೆಸರು. ಆ ಮಾತನ್ನು ನಾನು ಈವರೆಗೆ ಆಡಿಲ್ಲ. ಅವಳ ದನಿಯೂ ಹೋದರೆ ನನಗೆ ಏನುಳಿಯುತ್ತದೆ?

ಹಾಗಾಗಿ ದಿನವೂ ಅವಳ ದನಿಯೊಂದಿಗೆ ಕೂತು ಅವಳ ಪಾಠಗಳನ್ನೇ ಹೇಳಿಸುತ್ತಿದ್ದೆ. ಅದಕ್ಕೆ ಬರುವ ಗ್ರೀಕ್ ಅವಳು ಬಾಯಿಬಿಟ್ಟು ಆಡಿದ್ದಷ್ಟೇ. ಗ್ರೀಕ್ ಕ್ರಿಯಾಪದ ಕನ್ನಡದವರಿಗೆ ಅಷ್ಟೇನೂ ಪರಕೀಯವಲ್ಲ. ಯಾರು ಮಾಡುವರೆಂದು ಕೊನೆಯ ಪ್ರತ್ಯಯವೇ ಹೇಳುತ್ತದೆ. 'ಲೂಓ' ಎಂದರೆ ಬಿಚ್ಚುತ್ತೇನೆ, 'ಲೂಎಯ್ಸ್' ಎಂದರೆ ಬಿಚ್ಚುತ್ತೀ. ತನಗಾಗಿ ಬಿಚ್ಚಿದರೆ 'ಲೂಒಮಾಯ್', ನಮ್ಮ 'ಬಿಚ್ಚಿಕೊಳ್ಳು' ಇದ್ದಹಾಗೆ. ಆದದ್ದನ್ನು ಹೇಳಲು ಪದದ ಮೊದಲಿಗೆ ಒಂದು 'ಎ' ಸೇರಬೇಕು. 'ಎಲೂಒನ್' ಎಂದರೆ ಬಿಚ್ಚುತ್ತಿದ್ದೆ, 'ಎಲೂಸ' ಎಂದರೆ ಬಿಚ್ಚಿದೆ, ಮುಗಿಯಿತು. ಮೊದಲ ಅಕ್ಷರವನ್ನೇ ಇಮ್ಮಡಿಸಿ 'ಲೆಲುಕ' ಎಂದರೆ ಬಿಚ್ಚಿದ್ದೇನೆ, ಗಂಟು ಈಗಲೂ ಬಿಚ್ಚಿಯೇ ಇದೆ. ಸಾವಿಗೂ ಹೀಗೇ ಎರಡು ರೂಪ. ಸತ್ತಳು ಎಂಬುದು ಒಂದು ಗಳಿಗೆಯ ಮಾತು. ಸತ್ತಿದ್ದಾಳೆ ಎಂಬುದು ಪ್ರತಿ ಬೆಳಗ್ಗೆ ಎದ್ದಾಗಲೂ ನಿಜವಾಗಿರುವ ಮಾತು.

ಗ್ರೀಕರಿಗೆ ದ್ವಿವಚನವೂ ಇತ್ತು. 'ಲೂಎತೊನ್' ಎಂದರೆ ನೀವಿಬ್ಬರು ಬಿಚ್ಚುತ್ತೀರಿ. ಅವರಿಬ್ಬರು ಎನ್ನಲೂ ಅದೇ. ಆದರೆ ನಾವಿಬ್ಬರು ಎನ್ನಲು ಅಲ್ಲಿ ಪ್ರತ್ಯಯವಿಲ್ಲ, ಬಹುವಚನವೇ ಗತಿ. ಯಾಕೆಂದು ಮಕ್ಕಳು ಕೇಳಿದರೆ ಶಾಕಾಂಬರಿ, "ಇಬ್ಬರದಾರಂತ ಎಣಿಸಾವ್ರು ಹೊರಗಿನವ್ರು. ಒಳಗಿದ್ದವ್ರಿಗೆ ನಾವು ಅಂದ್ರ ಸಾಕು" ಎನ್ನುತ್ತಿದ್ದಳು. ವ್ಯಾಕರಣಕಾರರು ಒಪ್ಪಲಿಕ್ಕಿಲ್ಲ, ನಾನು ಒಪ್ಪಿದ್ದೆ.

ಮೊನ್ನೆ ಸಂಜೆ ಬೇಸರಕ್ಕೆ ಉಳಿದನಿಯನ್ನು ಕೇಳಿದೆ: ನಾವಿಬ್ಬರೂ ಬಿಚ್ಚುತ್ತೇವೆ ಎನ್ನಲು ಇಬ್ಬರಿಗೇ ಮೀಸಲಾದ ರೂಪ ಯಾವುದು? ಬೈಗುಳಕ್ಕೆ ಕಿವಿಯೊಡ್ಡಿ ಕೂತಿದ್ದೆ. ದನಿ ಜೇನಿನಂತೆ, "ಲೂಒವೊನ್ ಅಂತಾರ್ರೀ" ಎಂದಿತು. ಅಂಥ ರೂಪ ಗ್ರೀಕಿನಲ್ಲಿಲ್ಲ. ನನಗೆ ಹಿತವಾಗಲೆಂದು ಅದು ಆಗಷ್ಟೇ ಹುಟ್ಟಿಸಿಕೊಂಡದ್ದು. ತಪ್ಪು ಎಂದೆ. "ಹೌದ್ರೀ, ನೀವು ಹೇಳಿದ್ದ ಖರೆ" ಎಂದಿತು. ಇಡೀ ಸಂಸಾರದಲ್ಲಿ ಶಾಕಾಂಬರಿ ಒಮ್ಮೆಯೂ ಆ ವಾಕ್ಯ ಆಡಿದವಳಲ್ಲ. ವರ್ಷವಿಡೀ ನಾನು ಯಾರ ಜೊತೆ ಮಾತಾಡುತ್ತಿದ್ದೆ? ದುಃಖಕ್ಕಿಂತ ಮೊದಲು ಹೆದರಿಕೆಯಾಯಿತು, ಆಮೇಲೆ ಅವಳು ಸತ್ತ ದಿನ ಬಾರದ ಅಳು ಬಂತು.

ನಾಳೆ ನೆರೆಯವರನ್ನು ಕರೆದಿದ್ದೇನೆ. ಅವರ ಮುಂದೆ ಮುಚ್ಚುಮಾತು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಇಂಥ ದನಿಗಳು ಈಗಷ್ಟೇ ಮೊಳೆಯುತ್ತಿವೆಯೆಂದು ಓದಿದ್ದೇನೆ. ಎಲ್ಲದಕ್ಕೂ ಹೌದೆನ್ನುವ ದನಿಯನ್ನು ನಿಮ್ಮವರೆಂದು ನಂಬಬೇಡಿ.

ಇನ್ನೊಂದು ಕೋರಿಕೆ. ನಾಳೆಯಿಂದ ಇಲ್ಲಿ ಅವಳಿಗೆ ಭೂತಕಾಲವೊಂದೇ. ನಿಮ್ಮಲ್ಲಿ ಅವಳಿನ್ನೂ ಹುಟ್ಟಿಲ್ಲ, ಸುಳ್ಳಾಡದೆ ಭವಿಷ್ಯತ್ತಿನಲ್ಲಿ ಹೇಳಬಲ್ಲವರು ನೀವು ಮಾತ್ರ. ನನ್ನ ಪರವಾಗಿ ಒಮ್ಮೆ ಗಟ್ಟಿಯಾಗಿ ಹೇಳಿ: ಶಾಕಾಂಬರಿ ಹುಟ್ಟುವಳು. ತೋಂಟೇಶನೆಂಬ ಒಬ್ಬನನ್ನು ಚೆನ್ನಾಗಿ ಬೈಯುವಳು.