ಡೆಲ್ಟಾ ಬದಿಯಲ್ಲಿ ನೀನು ಎಳೆದ ಗೆರೆ

೧೪ ಮಾರ್ಚ್, ಮಂಗಳವಾರ

ಚಿನ್ನದ ಪದಕದ ಪಂಡಿತ ತಮ್ಮನಿಗೆ ಅಕ್ಕ ಬರೆಯುವುದು,

ನಾವು ಕ್ಷೇಮ. ನಿನ್ನ ಎರಡು ಪತ್ರಕ್ಕೂ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತಿದೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. "ಅವ್ನು ದೊಡ್ಡ ಆಫೀಸರು, ಬಿಡುವೆಲ್ಲಿರತ್ತೆ ಕಣೇ" ಎಂದು ಇನ್ನೂ ನಿನ್ನ ಪರವೇ ವಾದಿಸುತ್ತಾಳೆ.

ನೀನು ಬರೆದ ಅಪಘಾತದ ವರದಿ ಓದಿದೆ. 'ಲೈನ್‌ಮನ್‌ನ ಅಜಾಗರೂಕತೆ' ಎಂದು ಎಷ್ಟು ದುಂಡಗೆ ಬರೆದಿದ್ದೀಯ! ಟೆಸ್ಟಿಂಗ್ ವಿಭಾಗದಿಂದ ನಾನೂ ಸಹಿ ಹಾಕಿದರೆ ಅವನ ಕೆಲಸ ಹೋಗುತ್ತದೆ. ಬಲಗೈ ಆಗಲೇ ಹೋಗಿದೆ.

ತಂತಿ ನೆಲಕ್ಕೆ ಬಿದ್ದರೆ ಎಷ್ಟು ಕರೆಂಟು ಹರಿಯುತ್ತದೆಂಬ ಲೆಕ್ಕಕ್ಕೆ ನೀನು ಬರೆದ ಝೀರೋ ಸೀಕ್ವೆನ್ಸ್ ಚಿತ್ರವನ್ನೂ ನೋಡಿದೆ. ಕಾಲೇಜು ಮಕ್ಕಳೂ ನಗುತ್ತಾರೆ ಕಣೋ. ಮೂರೂ ತಂತಿಗಳಲ್ಲಿ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಕರೆಂಟು ವಾಪಸು ಬರಲು ನೆಲದ ದಾರಿ ಬೇಕು. ನಮ್ಮ ಟ್ರಾನ್ಸ್‌ಫಾರ್ಮರಿನ ಆ ಲೈನಿನ ಕಡೆಯ ಬದಿ ಡೆಲ್ಟಾ, ಅಂದರೆ ಸುರುಳಿಗಳ ತ್ರಿಕೋನ. ಅದಕ್ಕೆ ನೆಲದ ನಂಟೇ ಇಲ್ಲ. ಚಿತ್ರದಲ್ಲಿ ಅಲ್ಲಿ ಗೆರೆ ಕಡಿದಿರಬೇಕು. ನೀನೋ, ಮಾಮೂಲು ಕರೆಂಟಿನ ಪಾಸಿಟಿವ್ ಸೀಕ್ವೆನ್ಸ್ ಚಿತ್ರವನ್ನೇ ನಕಲು ಹೊಡೆದು, ಗೆರೆ ಕೂಡಿಸಿ, ತಂತಿ ನೆಲಕ್ಕೆ ಬಿದ್ದರೆ ಎಂಟುನೂರು ಆಂಪಿಯರ್ ಹರಿಯುತ್ತದೆಂದು ಲೆಕ್ಕ ಕಟ್ಟಿದೆ. ಅಪಾಯ ಕಂಡರೆ ಲೈನು ಕಡಿಸುವ ರಿಲೇಯನ್ನು ಅದಕ್ಕೆ ತಕ್ಕಂತೆ ಹೊಂದಿಸಿದರು. ತಂತಿ ಬಿದ್ದ ದಿನ ಹರಿದದ್ದು ಬರೀ ನಾಲ್ಕು. ರಿಲೇ ಮಿಸುಕಲಿಲ್ಲ, ಲೈನು ಆಫ್ ಆಗಲಿಲ್ಲ. "ತಂತಿ ಬಿದ್ರೆ ಲೈನು ತಾನಾಗೇ ಆಫ್ ಆಗತ್ತೆ, ಹೆದರ್ಬೇಡಿ" ಎಂದು ತರಬೇತಿಯಲ್ಲಿ ಕೊಚ್ಚಿಕೊಂಡವನೂ ನೀನೇ. ಪಾಪ, ಆ ಲೈನ್‌ಮನ್ ನಂಬಿದ. ದಾರಿಗೆ ಅಡ್ಡ ಬಿದ್ದ ತಂತಿಯನ್ನು ಎತ್ತಿ ಬದಿಗಿಡಲು ಹೋದ.

ಸಾಲದ್ದಕ್ಕೆ ಅವನು ಗ್ಲೌಸ್ ಹಾಕಿರಲಿಲ್ಲ ಎಂದು ಬೇರೆ ಬರೆದಿದ್ದೀಯ. ಥೂ, ನಾಚಿಕೆಯಾಗಬೇಕು.

ನಾನು ಸಹಿ ಹಾಕುವುದಿಲ್ಲ. ನಿನ್ನ ಚಿತ್ರ, ಸರಿಯಾದ ಚಿತ್ರ, ಎರಡನ್ನೂ ಇವತ್ತೇ ತನಿಖಾಧಿಕಾರಿಗೆ ಕಳಿಸಿದ್ದೇನೆ. ನಿನಗೆ ದೇವರು ಆಯಸ್ಸು ಕೊಡಲಿ. ಅವನಿಗೆ ಬಿಡುವಿದ್ದರೆ ಬುದ್ಧಿಯನ್ನೂ ಕೊಡಲಿ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು: ಆ ಎಂಟುನೂರು ಆಂಪಿಯರ್ ಲೆಕ್ಕದ ಕೆಳಗೆ 'ಪರಿಶೀಲಿಸಿದವರು' ಎಂಬಲ್ಲಿರುವ ಸಹಿ ನನ್ನದು. ನನ್ನ ತಮ್ಮ ಮಾಡಿದ್ದಲ್ಲವೇ ಎಂದು ಪುಟ ತಿರುಗಿಸದೆ ಹಾಕಿದ್ದೆ. ಅದನ್ನೂ ಬರೆದು ಕಳಿಸಿದ್ದೇನೆ. ತನಿಖಾಧಿಕಾರಿಗೆ ಬರೆಯಲಾಗದೆ ಉಳಿದದ್ದು ಒಂದಿದೆ. ಹೋದ ವಾರ ಆಸ್ಪತ್ರೆಯಲ್ಲಿ ಆ ಲೈನ್‌ಮನ್, "ತಪ್ಪು ನಂದೇನಾ ಮೇಡಂ?" ಎಂದು ಕೇಳಿದ. ಆಗಲೇ ನನಗೆ ಎಲ್ಲ ಗೊತ್ತಿತ್ತು. "ನೋಡ್ಕೊಂಡು ಮುಟ್ಬೇಕಿತ್ತಪ್ಪ" ಎಂದೆ. ಅವನು ತಲೆ ತಗ್ಗಿಸಿ ನನ್ನ ಕ್ಷಮೆ ಕೇಳಿದ.