ರಕ್ತ ಬಾರದ ಪೆಟ್ಟು

ಅಪ್ಪನ ಮರಗೆಲಸದ ಶೆಡ್ಡು,
ಜೂನ್ 9, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ? ಭಾವ ಈಗಲೂ ಸಕ್ಕರೆ ಡಬ್ಬಿಗೆ ಕದ್ದು ಕೈ ಹಾಕುತ್ತಾರಾ, ಇಲ್ಲ ಹೆಡ್‌ಮೇಡಂ ಆದ ನಿನ್ನ ಕಣ್ಣಿಗೆ ಹೆದರಿ ಬಿಟ್ಟಿದ್ದಾರಾ? ನಾನು ಗಟ್ಟಿಮುಟ್ಟಾಗಿದ್ದೇನೆ. ಶೆಡ್ಡಿನ ತುಂಬ ಬಾಗಿಲುಗಳ ಕೆಲಸ, ಮೂಗಿನೊಳಗೂ ಮರದ ಪುಡಿ.

ಕ್ಷೇಮ ಕೇಳಿದ್ದಾಯಿತು, ಈಗ ಬೈಯುತ್ತೇನೆ. ಮೊನ್ನೆ ಫೋನಿನಲ್ಲಿ ನೀನು ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಗುತ್ತಿದೆ ಎಂದೆ. ಹೋಗಿ ತೋರಿಸಿಕೊಂಡು ಬಾ ಎಂದೆ ನಾನು. ನೀನು ನಕ್ಕು, “ನಿಂದೇ ಏನೂ ಅಲ್ಲ ಅಂದ್ಮೇಲೆ ನಂದೇನಿರುತ್ತೆ ಬಿಡೇ, ಒಂದೇ ತಾಯಿ ಮಕ್ಕಳಲ್ವಾ?” ಎಂದು ಫೋನಿಟ್ಟೆ. ಆಮೇಲೆ ನನ್ನ ಒಂದು ಕರೆಯನ್ನೂ ಎತ್ತಲಿಲ್ಲ. ನನ್ನ ಎದೆಯ ಗಂಟು ಏನೂ ಅಲ್ಲ ಎಂದು ಹೇಗೆ ಗೊತ್ತಾಯಿತೆಂಬುದನ್ನು ನೀನು ಪೂರ್ತಿ ಕೇಳಿಯೇ ಇಲ್ಲ. ಈಗ ಕೇಳು.

ಆ ಸ್ಕ್ಯಾನಿಂಗ್ ಕೋಣೆಯಲ್ಲಿ ಮೈ ಮರಗಟ್ಟುವಷ್ಟು ಚಳಿ, ಮೇಲೆ ತಣ್ಣನೆಯ ಜೆಲ್ಲು ಬೇರೆ. ಡಾಕ್ಟರಮ್ಮ ಸಾಬೂನಿನಷ್ಟಿದ್ದ ಯಂತ್ರವನ್ನು ಎದೆಯ ಮೇಲೆ ಆಡಿಸುತ್ತ ಹರಟುತ್ತಿದ್ದವರು, ಒಂದು ಕಡೆ ನಿಲ್ಲಿಸಿ ಅಲ್ಲೇ ಒತ್ತಿ ಒತ್ತಿ ನೋಡತೊಡಗಿದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪನೆಯ ಮಚ್ಚೆ, ಅಂಚೆಲ್ಲ ಹರಕುಮುರುಕು, ಕೆಳಗೆ ಉದ್ದಕ್ಕೂ ನೆರಳು. “ಕ್ಯಾನ್ಸರ್ ಕೂಡ ಹೀಗೇ ಕಾಣುತ್ತಮ್ಮ. ಇಲ್ಲಿ ಯಾವಾಗ್ಲಾದ್ರೂ ಪೆಟ್ಟು ಬಿದ್ದಿತ್ತಾ?” ಎಂದರು. ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ಇಲ್ಲವೇ ಇಲ್ಲ ಎಂದೆ. ನೀನೇ ಹೇಳು, ಅಪ್ಪನ ಮಕ್ಕಳು ಇನ್ನೇನು ಹೇಳಿಯಾರು? “ರಕ್ತ ಬಂದ್ರೆ ಪೆಟ್ಟು, ಬರದಿದ್ರೆ ಪಾಠ” ಎಂದೇ ಅವರು ನಮ್ಮಿಬ್ಬರನ್ನೂ ಬೆಳೆಸಿದ್ದು. ಸುತ್ತಿಗೆ ಬಿದ್ದು ಹೆಬ್ಬೆರಳು ಊದಿಕೊಂಡಾಗಲೂ ನೀನು ಪಾಠ, ಪಾಠ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆಯಲ್ಲ.

ಡಾಕ್ಟರಮ್ಮ ಬಿಡಲಿಲ್ಲ, ಏನು ಕೆಲಸ ಮಾಡ್ತೀರಿ ಎಂದರು. ಬೈರಿಗೆಯ ಹಿಡಿಯನ್ನು ಎದೆಗೊತ್ತಿ, ಮೈಭಾರ ಬಿಟ್ಟು ಮರಕ್ಕೆ ತೂತು ಕೊರೆಯುವುದನ್ನು ಮಾಡಿ ತೋರಿಸಿದೆ. ನನ್ನ ಕೈ ನೆಟ್ಟಗೆ ಹೋಗಿ ಆ ಗಂಟಿನ ಮೇಲೇ ಕೂತಿತು! ಚಳಿಗಾಲದಲ್ಲಿ ದೊಡ್ಡ ಬಾಗಿಲಿನ ಚೌಕಟ್ಟು ಕೊರೆಯುವಾಗ ಬೈರಿಗೆ ಸಿಕ್ಕಿಕೊಂಡು, ಹಿಡಿ ಎದೆಗೆ ಗುದ್ದಿ, ವಾರಗಟ್ಟಲೆ ನೀಲಿಗಟ್ಟಿತ್ತು. ಆಗಷ್ಟೇ ನೆನಪಾಯಿತು. “ಅದನ್ನ ಪೆಟ್ಟು ಅನ್ನಲ್ವೇನ್ರೀ ನೀವು?” ಎಂದು ಅವರು ಹಣೆ ಚಚ್ಚಿಕೊಂಡರು. ಸರಿ, ಹಾಗಾದರೆ ಬಚಾವಾದೆ ಎಂದು ನಾನು ಎದ್ದೇಬಿಟ್ಟೆ. “ಕೂತ್ಕೊಳ್ಳಿ. ಒಳಗಿನ ಕೊಬ್ಬು ಸತ್ತು ಗಟ್ಟಿಯಾಗಿರಬಹುದು. ಆದ್ರೆ ಪೆಟ್ಟು ಬಿದ್ದೋರಿಗೆ ಕ್ಯಾನ್ಸರ್ ಬರಲ್ಲ ಅಂತ ಯಾರು ಹೇಳಿದ್ದು?” ಎಂದರು. ಪರದೆ ನೋಡಿಕೊಂಡೇ ಸೂಜಿ ಹಾಕಿ ತುಣುಕು ತೆಗೆದರು. ರಿಪೋರ್ಟು ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಸತ್ತ ಕೊಬ್ಬು, ಬೇರೇನೂ ಅಲ್ಲ ಎಂದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ನನ್ನ ಗಂಟಿಗೆ ಬೈರಿಗೆಯ ಕಾರಣವಿತ್ತು, ಆದರೂ ಅವರು ಕಾರಣವನ್ನು ನಂಬಿ ಸುಮ್ಮನಿರಲಿಲ್ಲ. ನೀನು ಬೈರಿಗೆ ಬಿಟ್ಟು ಚಾಕ್‌ಪೀಸು ಹಿಡಿದು ಎಷ್ಟು ಕಾಲವಾಯಿತು? ಚಾಕ್‌ಪೀಸು ಎದೆಗೆ ಗುದ್ದುತ್ತದಾ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರ ಮಕ್ಕಳಿಗೆಲ್ಲ ಹೇಳುವವಳು ನೀನು. ನಿನ್ನದೂ ಏನೂ ಅಲ್ಲದಿರಬಹುದು, ಹಾಗೇ ಆಗಲಿ. ಆದರೆ ಅದನ್ನು ನೀನು ಹೇಳುವ ಹಾಗಿಲ್ಲ, ನಾನೂ ಹೇಳುವ ಹಾಗಿಲ್ಲ, ಒಳಗೆ ನೋಡಿದವರೇ ಹೇಳಬೇಕು. ನನಗೆ ಹೆದರಿಕೆಯಾಗಿದೆ ಅಕ್ಕಾ. ನಿನಗೂ ಆಗಿದೆ, ಅದಕ್ಕೇ ಫೋನ್ ಎತ್ತುತ್ತಿಲ್ಲ. ಇರಲಿ, ಹೆದರಿಕೊಂಡೇ ಹೋಗೋಣ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಬೀಳುತ್ತೇನೆ, ಮೊಂಡಾಟ ಬಿಡು.

ನಿನ್ನ ತಂಗಿ,
ಚಕ್ಕೆ

ಮತ್ತೆ: ಇದನ್ನು ಬಸ್ಸಿನಲ್ಲಿ ಕೂತು ಗೀಚುತ್ತಿದ್ದೇನೆ, ಅಕ್ಷರ ಕುಣಿದರೆ ಕ್ಷಮಿಸಿ ಹೆಡ್‌ಮೇಡಂ. ಅಂಚೆ ಡಬ್ಬಿಯವರೆಗೂ ಹೋದವಳು ಹಾಕದೆ ವಾಪಸು ಬಂದೆ. ಅಂಚೆಯಲ್ಲಿ ಬಂದರೆ ನೀನು ಒಡೆಯದೆ ಕಪಾಟಿನಲ್ಲಿಡುತ್ತೀಯ, ನನಗೆ ಗೊತ್ತಿಲ್ಲವಾ? ಅದಕ್ಕೇ ನಾನೇ ತರುತ್ತಿದ್ದೇನೆ. ನೀನು ಈ ಸಾಲು ಓದುವಾಗ ನಿನ್ನೆದುರಿಗೇ ಕೂತಿರುತ್ತೇನೆ. ಸ್ಕ್ಯಾನಿಂಗಿಗೆ ನಿನ್ನ ಹೆಸರು ಬರೆಸಿಯಾಗಿದೆ, ಟ್ಯಾಕ್ಸಿ ಕೆಳಗೆ ಕಾಯುತ್ತಿರುತ್ತದೆ. ಅಳುವುದಿದ್ದರೆ ಇಬ್ಬರೂ ಟ್ಯಾಕ್ಸಿಯಲ್ಲಿ ಅಳೋಣ. ಏಳು, ಚಪ್ಪಲಿ ಮೆಟ್ಟಿಕೋ.