ಮಕ್ಕಳ ಪಾಲು

ಕೋಡಿಗಾನಪಲ್ಲಿ,
ನಗರಗೆರೆ ಹೋಬಳಿ
೯-೮-೧೯೬೧, ಬುಧವಾರ

ಚಿಂತಾಮಣಿಯಲ್ಲಿರುವ ನಮ್ಮ ಯಜಮಾನರಿಗೆ ಕನಕಲಕ್ಷ್ಮಿ ಮಾಡುವ ನಮಸ್ಕಾರಗಳು.

‘ಯಜಮಾನರು’ ಎಂದು ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ನನ್ನ ಯಜಮಾನರು ಯಾರೆಂಬುದೇ ಈಗ ನನಗೆ ಗೊತ್ತಾಗುತ್ತಿಲ್ಲ. ಹುಬ್ಬು ಗಂಟಿಕ್ಕಬೇಡಿ, ಸ್ಕೂಲಿನ ವಿಚಾರ ಹೇಳುತ್ತಿದ್ದೇನೆ.

ನಿಮ್ಮ ಕಾಗದ ಬಂದು ಸೇರಿತು. ಚಿಂತಾಮಣಿಯ ಹೆಣ್ಣುಮಕ್ಕಳ ಸ್ಕೂಲಿಗೆ ನನಗೆ ವರ್ಗವಾಗಿರುವ ಸುದ್ದಿ ನನಗಿಂತ ಮೊದಲು ನೀವು ಗುಮಾಸ್ತರಾಗಿರುವ ತಾಲ್ಲೂಕು ಕಚೇರಿಗೆ ತಲುಪಿದೆ! ಎರಡು ಕೋಣೆಯ ಮನೆ ಹಿಡಿದಿರುವುದು, ಅತ್ತೆಯವರು ಒಪ್ಪಿರುವುದು, ಕಿಟಕಿಯ ಪಕ್ಕ ನನಗೆಂದು ಮೇಜು ಹಾಕಿಸಿರುವುದು, ಎಲ್ಲವನ್ನೂ ಓದಿದೆ. ಎರಡು ವರ್ಷದ ಹಿಂದೆ ‘ನಿಂಗೆ ಸ್ಕೂಲ್ ಬೇಕೋ ನಾನು ಬೇಕೋ ಹೇಳ್ಬಿಡು’ ಎಂದು ಬಸ್ಸು ಹತ್ತಿ ಹೋದವರು ನೀವು. ಆ ನೀವೇ ಮೇಜು ಹಾಕಿಸಿದ್ದೀರಿ ಎಂದು ಓದಿ ಅಳು ಬಂತು. ಕೊನೆಯಲ್ಲಿ, ಈ ಸಲವೂ ಬರದಿದ್ದರೆ ಇನ್ನು ಮುಂದೆ ಕರೆಯುವುದಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿ ಸಿಟ್ಟೂ ಬಂತು. ಅಳುತ್ತಾ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂದು ನಿಮಗೇನು ಗೊತ್ತು?

ಈ ವರ್ಗ ಹೇಗಾಯಿತು ಎಂದು ಕೇಳಿದ್ದೀರಿ. ಹೇಳುತ್ತೇನೆ. ನಿಮಗೆ ಅರ್ಥವಾದರೆ ನನಗೂ ತಿಳಿಸಿ.

ಇಷ್ಟು ದಿನ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಟರು ಒಬ್ಬರೇ ದೊಡ್ಡವರು. ಪಾಠ, ಪರೀಕ್ಷೆ, ಸೋರುವ ಹೆಂಚು, ಮಕ್ಕಳಿಗೆ ಕಲಸಿ ಕೊಡುವ ಹಾಲಿನ ಪುಡಿ, ಎಲ್ಲಕ್ಕೂ ಅವರೇ. ಹೊಸದಾಗಿ ತಾಲ್ಲೂಕು ಬೋರ್ಡು ಬಂತಲ್ಲ, ಸ್ಕೂಲು, ಹೆಂಚು, ಹಾಲಿನ ಪುಡಿ ಅವರ ಉಸ್ತುವಾರಿಗೆ ಹೋದವು. ಪಾಠವೂ ಪಾಠ ಹೇಳುವ ನಾನೂ ಇನ್‌ಸ್ಪೆಕ್ಟರ ಇಲಾಖೆಯಲ್ಲೇ ಉಳಿದೆವು. ಇದನ್ನು ಊರಿಗೆಲ್ಲ ತಮಟೆ ಹೊಡೆಸಿ ತಿಳಿಸಬೇಕೆಂದು ಬೋರ್ಡಿನಿಂದ ಹೇಳಿಕಳಿಸಿದರು. ನಾನು ತೋಟಿ ಕೊಂಡಪ್ಪನನ್ನು ಕರೆದು, ಮಕ್ಕಳ ಹಾಲು ಇನ್ನು ಮುಂದೆ ಬೋರ್ಡಿಗೆ ಸೇರಿದ್ದು, ಎಲ್ಲರೂ ಬಂದು ಮಕ್ಕಳ ಹೆಸರು ಬರೆಸಬೇಕು ಎಂದು ಸಾರಲು ಹೇಳಿದೆ.

ಕೊಂಡಪ್ಪನ ಮನೆಮಾತು ತೆಲುಗು. ಸರ್ಕಾರದ ಸುದ್ದಿಯಾದ್ದರಿಂದ ಕನ್ನಡದಲ್ಲೇ ಸಾರಬೇಕೆಂದು ಅವನ ಹಟ. ಮಿಕ್ಕ ಮಾತೆಲ್ಲ ಕನ್ನಡವಾಯಿತು, ಹಾಲು ಮಾತ್ರ ತೆಲುಗಿನಲ್ಲೇ ಉಳಿಯಿತು. ‘ಕೇಳ್ರಪ್ಪೋ, ಮಕ್ಕಳ ಪಾಲು ಇನ್ಮೇಲೆ ಬೋರ್ಡಿನೋರ್ದು! ಎಲ್ಲಾರೂ ಬಂದು ಮಕ್ಕಳ ಹೆಸ್ರು ಬರೆಸ್ಬೇಕು!’ ಎಂದು ಊರೆಲ್ಲ ಕೂಗಿಕೊಂಡು ಬಂದ. ನಾನು ಒಳಗೆ ಮಗ್ಗಿ ಹೇಳಿಸುತ್ತಿದ್ದೆ. ತಮಟೆ ಕೇಳಿಸಿತು, ಮಾತು ಕೇಳಿಸಲಿಲ್ಲ.

ಅವನ ಕೇರಿಯ ತೆಲುಗಿನವರಿಗೆ ಪಾಲು ಎಂದರೆ ಹಾಲೇ. ಮೇಲಿನ ಬೀದಿಯ ಕನ್ನಡದ ಒಕ್ಕಲು ಮನೆಗಳಿಗೆ ಅದು ಜಮೀನಿನ ಪಾಲಾಗಿ ಕೇಳಿಸಿತು. ಹೆಸರು ಬರೆಸಿದ ಮಗುವಿನ ಪಾಲಿನ ಹೊಲ ಬೋರ್ಡಿಗೆ ಹೋಗುತ್ತದೆ ಎಂದು ಸುದ್ದಿ ಹಬ್ಬಿತು. ಮರುದಿನ ಮೇಲಿನ ಬೀದಿಯ ಒಂದು ಮಗುವೂ ಬರಲಿಲ್ಲ. ಅವರನ್ನು ನೋಡಿ, ತುಂಡು ಹೊಲ ಇದ್ದ ಕೇರಿಯವರೂ ಹೆದರಿ ಮಕ್ಕಳನ್ನು ನಿಲ್ಲಿಸಿಕೊಂಡರು. ನನಗೆ ತಲೆಬುಡ ತಿಳಿಯಲಿಲ್ಲ. ಊರಿಗೆ ಅಮ್ಮ ಬಂದಿರಬೇಕು, ನನಗೆ ಯಾರೂ ಹೇಳಿಲ್ಲ ಎಂದುಕೊಂಡೆ.

ಇನ್‌ಸ್ಪೆಕ್ಟರು ಬರಬೇಕಾದದ್ದೂ ಅದೇ ವಾರವೇ! ಒಳಗೆ ಇದ್ದದ್ದು ನಾನು, ಕೊಂಡಪ್ಪನ ಮಗಳು, ಒಂದು ಹಂಡೆ ಹಾಲು. ‘ಮಕ್ಕಳೇ ಇಲ್ಲದ ಸ್ಕೂಲಿಗೆ ಟೀಚರ್ ಯಾಕಮ್ಮಾ?’ ಎಂದರು. ಸ್ಕೂಲು ಮುಚ್ಚುವುದು, ನನ್ನನ್ನು ಚಿಂತಾಮಣಿಗೆ ಹಾಕುವುದು ಎಂದು ಬರೆದುಕೊಂಡು ಹೋದರು. ನಿಮ್ಮ ಊರಿಗೆ ನನ್ನ ವರ್ಗವಾದದ್ದು ಹೀಗೆ.

ಸ್ಕೂಲು ಮುಚ್ಚಿದರೆ ಗಂಡುಹುಡುಗರು ನಗರಗೆರೆಗೆ ನಡೆದುಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಹಳ್ಳ ದಾಟಿಸಿ ಯಾರೂ ಕಳಿಸುವುದಿಲ್ಲ. ಅವರ ಓದು ಅಲ್ಲಿಗೆ ಮುಗಿಯಿತು. ಹೋದ ವರ್ಷ ನನ್ನನ್ನು ಕಂಡರೆ ಕಂಬದ ಹಿಂದೆ ಅವಿತುಕೊಳ್ಳುತ್ತಿದ್ದ ಅಶ್ವತ್ಥಮ್ಮ ಎಂಬ ಹುಡುಗಿ ಈಗ ಅವರ ತಾತನಿಗೆ ಪೇಪರು ಓದಿ ಹೇಳುತ್ತಾಳೆ. ತಪ್ಪು ಓದಿದರೂ ಜೋರಾಗಿಯೇ ಓದುತ್ತಾಳೆ.

ಆ ತಾತ ಮೇಲಿನ ಬೀದಿಯ ನರಸಿಂಹಪ್ಪನವರು, ಊರಲ್ಲಿ ದೊಡ್ಡ ಜಮೀನುದಾರರು. ದಾರಿ ಕಾಣದೆ ಅವರ ಮನೆಗೇ ಹೋದೆ. ‘ಮೇಷ್ಟ್ರಮ್ಮ, ನಿಮ್ಮನ್ನ ಮನೆ ಮಗಳಂಗೆ ನೋಡ್ಕೊಂಡ್ವಿ. ನಮ್ಮ ಮೊಮ್ಮಗಳ ಪಾಲನ್ನ ಬೋರ್ಡಿಗೆ ಬರೆಸೋ ಕೆಲ್ಸ ನಿಮಗ್ಯಾಕಮ್ಮ ಬೇಕಿತ್ತು?’ ಎಂದರು. ಯಾವ ಪಾಲು ಎಂದು ನಾನು, ನೀವೇ ಸಾರಿಸಿದ್ದು ಎಂದು ಅವರು. ಕೊಂಡಪ್ಪನನ್ನು ಕರೆಸಿದೆವು. ‘ಪಾಲಂದ್ರೆ ಪಾಲೇ ಸ್ವಾಮೀ! ಹಸ ಕೊಡ್ತದಲ್ಲ, ಆ ಪಾಲು!’ ಎಂದ. ನರಸಿಂಹಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಕೊಂಡಪ್ಪನಿಗೆ ಮಾತ್ರ ನಗು ಬರಲಿಲ್ಲ. ಮಾರನೆಯ ದಿನ ಅವರ ಜಗಲಿಯ ಮೇಲೇ ಹಂಡೆ ಇಟ್ಟು ಹಾಲು ಕಲಸಿದೆ. ಎಲ್ಲರೆದುರು ನರಸಿಂಹಪ್ಪನವರೇ ಒಂದು ಲೋಟ ಕುಡಿದು, ಸಪ್ಪೆ ಎಂದು ಮುಖ ಕಿವುಚಿ ಬೆಲ್ಲ ತರಿಸಿದರು. ಮಕ್ಕಳೆಲ್ಲ ವಾಪಸು ಬಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನನ್ನ ಹಣೆಬರಹ, ಮುಗಿಯಲಿಲ್ಲ. ಬೋರ್ಡಿನಿಂದ ‘ಸ್ಕೂಲನ್ನು ಮುಚ್ಚಕೂಡದು, ತಾವು ಅಲ್ಲೇ ಇರತಕ್ಕದ್ದು’ ಎಂದು ಬಂತು. ಇಲಾಖೆಯಿಂದ ‘ಕೂಡಲೇ ಚಿಂತಾಮಣಿಗೆ ಹೊರಡತಕ್ಕದ್ದು’ ಎಂದು ಬಂತು. ಸೋಮವಾರ ತಾಲ್ಲೂಕಿಗೆ ಹೋಗಿ ಇಬ್ಬರನ್ನೂ ಕಂಡೆ. ಮಕ್ಕಳು ವಾಪಸು ಬಂದಿದ್ದಾರೆ ಎಂದರೆ ಇನ್‌ಸ್ಪೆಕ್ಟರು, ಬಂದದ್ದು ಹಾಲಿಗಾಗಿ, ಹಾಲು ಬೋರ್ಡಿನದು, ಇಲಾಖೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂದರು. ಬೋರ್ಡಿನ ಸೆಕ್ರೆಟರಿ ಒಳ್ಳೆಯವರು. ‘ನೀವಿದ್ರೆ ಸ್ಕೂಲ್ ಇರುತ್ತಮ್ಮ. ನೀವು ಹೋದ್ರೆ ಇನ್ನೊಬ್ರನ್ನ ಇಲಾಖೆಯವರೇ ಕೊಡ್ಬೇಕು. ಅವರು ಕೊಡಲ್ಲ, ನಮ್ಗೆ ಕೇಳೋ ಅಧಿಕಾರ ಇಲ್ಲ’ ಎಂದರು. ಅಂತೂ ಸ್ಕೂಲು ಬೋರ್ಡಿನದು, ನಾನು ಇಲಾಖೆಯವಳು. ಹಾಗಾದರೆ ನಾನು ನಿಮ್ಮವಳು ಯಾವ ಆಫೀಸಿನ ಪ್ರಕಾರ ಎಂದು ಬಸ್ಸಿನಲ್ಲಿ ಯೋಚನೆ ಬಂದು ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಹೆಂಗಸು ಸರಿದು ಕುಳಿತಳು.

ಬೆಳಿಗ್ಗೆ ಎದ್ದರೆ ಚಿಂತಾಮಣಿಗೆ ಹೋಗೋಣ ಎನಿಸಿ ಟ್ರಂಕು ಎಳೆದು ಸೀರೆ ಜೋಡಿಸುತ್ತೇನೆ. ಮಕ್ಕಳು ಲೋಟ ಹಿಡಿದುಕೊಂಡು ಬಂದು ನಿಂತರೆ, ಇದನ್ನೆಲ್ಲ ಬಿಟ್ಟು ಹೇಗೆ ಹೋಗಲಿ ಎನಿಸುತ್ತದೆ. ಸಂಜೆ ಸೀರೆ ಮತ್ತೆ ಹಗ್ಗದ ಮೇಲೆ. ನಿಮ್ಮನ್ನು ನೋಡಬೇಕು ಎನಿಸುತ್ತದೆ, ಬಹಳ ಎನಿಸುತ್ತದೆ. ಇದನ್ನು ಸುತ್ತಿ ಬಳಸಿ ಬರೆಯಲಾರೆ. ಏನು ಮಾಡಲಿ ಹೇಳಿ. ನನ್ನ ತಲೆಯಂತೂ ಓಡುತ್ತಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಸಿಟ್ಟಿದ್ದರೂ ಸರಿ, ಉತ್ತರ ಬರೆಯಿರಿ.

ಇತಿ,
ಸದ್ಯಕ್ಕೆ ಯಾವ ಆಫೀಸಿಗೂ ಪೂರ್ತಿ ಸೇರದ,
ನಿಮ್ಮ
ಕನಕಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಏನು ಮಾಡಲಿ ಎಂದು ನಿಮ್ಮನ್ನು ಕೇಳಿದೆನಲ್ಲ, ಸೋಮವಾರವೇ ಮಾಡಿ ಬಂದಿದ್ದೇನೆ. ಚಿಂತಾಮಣಿಗೆ ಹೋಗುವುದಿಲ್ಲವೆಂದು ಇನ್‌ಸ್ಪೆಕ್ಟರಿಗೆ ಬರೆದು ಕೊಟ್ಟೆ. ಕೊಟ್ಟು ಹೊರಗೆ ಬಂದೆ. ಬೋರ್ಡಿನ ಆಫೀಸಿನ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಅಲ್ಲಿ ಅನುಭವ ಇರುವ ಗುಮಾಸ್ತರೊಬ್ಬರು ಬೇಕಾಗಿದ್ದಾರೆ, ಬೇರೆ ತಾಲ್ಲೂಕಿನಿಂದ ಬಂದರೂ ಆಗುತ್ತದೆ ಎಂದು ಕಿವಿಗೆ ಬಿತ್ತು. ಒಳಗೆ ಹೋಗಿ ನಿಮ್ಮ ಹೆಸರು ಹೇಳಿದೆ. ಸೆಕ್ರೆಟರಿ ಬರೆದುಕೊಳ್ಳುತ್ತಾ, ‘ಇಲ್ಲಿಗೆ ಬರೋಕೆ ಅವರು ಒಪ್ತಾರೇನಮ್ಮ?’ ಎಂದು ಕೇಳಿದರು. ಒಪ್ಪಿದ್ದಾರೆ ಎಂದುಬಿಟ್ಟೆ.